ಬೆಕ್ಕಿನ ಮರಿಗೆ ಒಂದೇ ಲಸಿಕೆ ಮತ್ತೆ ಮತ್ತೆ ಯಾಕೆ ಹಾಕಿಸ್ಬೇಕು? ನಮ್ದು ಹೊರಗೆ ಓಡಾಡೋ ಬೆಕ್ಕು

ತಾಯಿ ಹಾಲಿಂದ ಬಂದ ರೋಗನಿರೋಧಕ ಶಕ್ತಿ ಮರಿ ಮೈಯಲ್ಲಿ ಇರೋವರೆಗೂ ಲಸಿಕೆ ಸರಿಯಾಗಿ ಹತ್ತಲ್ಲ, ಅದಕ್ಕೇ ಒಂದು ಡೋಸ್ ಸಾಲಲ್ಲ. ಮರಿ ದೇಹ ವೈರಸ್ಸನ್ನ ಗುರುತಿಸೋದು ಕಲಿಯೋಕೆ ಮುಂಚೆನೇ ತಾಯಿ ಕೊಟ್ಟ ಆಂಟಿಬಾಡಿಗಳು ಲಸಿಕೆನ ಹಿಡಿದು ಮುಗಿಸಿಬಿಡ್ತವೆ. ಈ ಶಕ್ತಿ ಕೆಲವು ಮರಿಗಳಲ್ಲಿ 8 ವಾರಕ್ಕೇ ಇಳಿದುಹೋಗುತ್ತೆ, ಕೆಲವಕ್ಕೆ 16 ವಾರದ ತನಕನೂ ಇರುತ್ತೆ, ನೋಡಿ ಹೇಳೋಕಾಗಲ್ಲ, ಹಾಗಾಗಿ 6-8 ವಾರಕ್ಕೆ ಶುರು ಮಾಡಿ 3-4 ವಾರಕ್ಕೊಂದರಂತೆ 16 ವಾರ ತುಂಬೋವರೆಗೂ ಹಾಕಿಸ್ತಾರೆ.

ಈ ಲಸಿಕೆ ಪ್ಯಾನ್‌ಲ್ಯುಕೋಪೀನಿಯಾ, ಅಂದ್ರೆ ವಾಂತಿಭೇದಿ ಆಗಿ ಬಿಳಿ ರಕ್ತಕಣ ಕುಸಿಯೋ ಕಾಯಿಲೆ, ಮತ್ತೆ ಬೆಕ್ಕಿನ ಶೀತ ತರೋ ಎರಡು ವೈರಸ್‌ಗೆ. ಪ್ಯಾನ್‌ಲ್ಯುಕೋಪೀನಿಯಾ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಚಪ್ಪಲಿಗೆ ಅಂಟ್ಕೊಂಡೂ ಮನೆಗೆ ಬರುತ್ತೆ, ದಯವಿಟ್ಟು ಡೋಸೆಲ್ಲ ಮುಗಿಯೋವರೆಗೂ ಮರಿನ ಹೊರಗೆ ಬಿಡ್ಬೇಡಿ.

ರೇಬೀಸ್ ಲಸಿಕೆ ಬೇರೆ, 3 ತಿಂಗಳಿಗೆ, ಆಮೇಲೆ ಡಾಕ್ಟ್ರು ಹೇಳಿದಂಗೆ ಬೂಸ್ಟರ್. ಬೀದಿನಾಯಿ ಇರೋ ಕಡೆ ಇದನ್ನ ತಪ್ಪಿಸಲೇಬಾರದು. ಜಂತುಹುಳದ ಔಷಧಿ, ಸಂತಾನಹರಣ ಆಪರೇಷನ್ನೂ ಬೇಕು, ಆಪರೇಷನ್ ಆದ ಬೆಕ್ಕು ದೂರ ಅಲೆಯೋದು, ಜಗಳ ಆಡೋದು ಕಮ್ಮಿ ಮಾಡುತ್ತೆ.

ಇನ್ನೊಂದು, ನಾಯಿಗೆ ಹಾಕೋ ಉಣ್ಣಿ ಔಷಧಿ ಬೆಕ್ಕಿಗೆ ಹಾಕ್ಲೇಬೇಡಿ, ಅದ್ರಲ್ಲಿ ಪರ್ಮೆತ್ರಿನ್ ಅನ್ನೋ ಕೀಟನಾಶಕ ಇದ್ರೆ ಬೆಕ್ಕಿನ ಜೀವಕ್ಕೇ ಅಪಾಯ.