ಮಿದುಳಿನ ಸಂಶೋಧನೆಯಿಂದ ಶಾಲೆಯ ಪಾಠಕ್ಕೆ ನಿಜವಾಗಿ ಸಿಗುವುದೇನು?

ತರ್ಕದಲ್ಲಿ ಮುಂದಿರುವ ಎಡಮಿದುಳಿನ ಮಗು, ಕಲೆಯಲ್ಲಿ ಮುಂದಿರುವ ಬಲಮಿದುಳಿನ ಮಗು ಅನ್ನುವ ವಿಂಗಡಣೆಯನ್ನು ಮೊದಲು ಬಿಟ್ಟುಬಿಡಿ, ಅದಕ್ಕೆ ಆಧಾರವಿಲ್ಲ. ಗಟ್ಟಿಯಾಗಿ ನಿಂತಿರುವುದು, ಕಲಿತದ್ದನ್ನು ಪುಸ್ತಕ ನೋಡದೆ ನೆನಪಿನಿಂದ ಹೊರತೆಗೆಸುವ ಅಭ್ಯಾಸ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ಗದ್ಯಭಾಗವನ್ನು ನಾಲ್ಕು ಸುತ್ತು ಓದಿದವರಿಗೆ ವಾರದ ಬಳಿಕ ಶೇ 40ರಷ್ಟು ನೆನಪಿತ್ತು. ಒಂದು ಸುತ್ತು ಓದಿ ಮೂರು ಸಲ ನೋಡದೆ ಬರೆದವರಿಗೆ ಶೇ 61. (ಐದೇ ನಿಮಿಷಕ್ಕೆ ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ನಾವು ಮೋಸಹೋಗುವುದು ಇಲ್ಲೇ.)

ತರಗತಿಯಲ್ಲಿ ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳಿ: ನಿನ್ನೆಯದು, ಹೋದ ವಾರದ್ದು, ಹೋದ ತಿಂಗಳದ್ದು. "ಎಲೆ ಹಸಿರೇಕೆ?" ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಮುಂದಿನ ಬೆಂಚಿನ ಇಬ್ಬರು ಕೂಗುತ್ತಾರೆ, ಉಳಿದವರು ಯೋಚಿಸುವುದೇ ಇಲ್ಲ. ಪ್ರತಿಯೊಬ್ಬರೂ ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸಲಿ. ಸರಿಯುತ್ತರ ಆಗಲೇ ಹೇಳಿ, ಅಂಕ ಮಾತ್ರ ಕೊಡಬೇಡಿ.