ಗೂಗಲ್ ಕಣ್ಣು ತಪ್ಪಿಸಬೇಕು, ಫೋನ್ ರಿಪೇರಿಯೂ ಸುಲಭ ಇರಬೇಕು: ಫೇರ್‌ಫೋನ್ 5 ತಗೊಳ್ಳಲಾ, ಗ್ರಫೀನ್‌ಓಎಸ್ ಹಾಕಿದ ಪಿಕ್ಸೆಲ್ ತಗೊಳ್ಳಲಾ?

ನೀವು ಇರುವುದು ಭಾರತದಲ್ಲಾದರೆ ಪಿಕ್ಸೆಲ್. ಗ್ರಫೀನ್‌ಓಎಸ್ ಅಂದರೆ ಗೂಗಲ್‌ನದೇ ಪಿಕ್ಸೆಲ್ ಫೋನಿಗೆ ಹಾಕುವ, ಗೂಗಲ್ ಆ್ಯಪ್‌ಗಳಿಲ್ಲದ ಆಂಡ್ರಾಯ್ಡ್. ರಿಪೇರಿ ಸುಲಭವಾಗಲೆಂದೇ ಮಾಡಿದ ಫೇರ್‌ಫೋನನ್ನು ಇಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಬಿಡಿಭಾಗ ಯುರೋಪಿನಿಂದ ತರಿಸಬೇಕಾದರೆ ರಿಪೇರಿ ಸುಲಭ ಅನ್ನುವ ಮಾತಿಗೆ ಅರ್ಥ ಎಲ್ಲಿದೆ?

ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಇದ್ದರೆ ಲೆಕ್ಕವೇ ಬೇರೆ. 2023ರಲ್ಲಿ ಬಂದ ಫೇರ್‌ಫೋನ್ 5ರ ಹಿಂದಿನ ಮುಚ್ಚಳ ಉಗುರಿನಲ್ಲೇ ಬಿಚ್ಚುತ್ತದೆ. ಬ್ಯಾಟರಿ ಹಳೇ ನೋಕಿಯಾದ ಹಾಗೆ ಕೈಗೆ ಬರುತ್ತದೆ. ಸ್ಕ್ರೀನ್, ಚಾರ್ಜಿಂಗ್ ಪೋರ್ಟ್ ಬದಲಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಪಿಕ್ಸೆಲ್‌ನಲ್ಲಿ ಬ್ಯಾಟರಿಗೂ ಅಂಟು ಬಿಡಿಸಬೇಕು, ಅಂಗಡಿಗೇ ಕೊಡುವುದು ವಾಸಿ.

ಖಾಸಗಿತನ, ಸುರಕ್ಷತೆ ಎರಡೂ ಒಂದೇ ಅಲ್ಲ. ಫೇರ್‌ಫೋನ್‌ಗೆ ಹಾಕಬಹುದಾದ ಇ-ಓಎಸ್ (/e/OS, ಇದೂ ಆಂಡ್ರಾಯ್ಡ್‌ನ ಒಂದು ರೂಪ) ಗೂಗಲ್ ಆ್ಯಪ್‌ಗಳನ್ನು ತೆಗೆದುಹಾಕುತ್ತದೆ ನಿಜ, ಆದರೆ ಸೆಕ್ಯುರಿಟಿ ಪ್ಯಾಚ್ (ಭದ್ರತೆಯ ಲೋಪ ಮುಚ್ಚುವ ಅಪ್‌ಡೇಟ್) ತಡವಾಗಿ ಬರುವುದುಂಟು. ಗ್ರಫೀನ್‌ಓಎಸ್‌ನಲ್ಲಿ ಪ್ಯಾಚ್ ಬೇಗ ಬರುತ್ತದೆ. ಪ್ಲೇ ಸ್ಟೋರ್ ಬೇಕಾದರೆ ಹಾಕಿಕೊಳ್ಳಿ, ಅದಕ್ಕೂ ಉಳಿದ ಆ್ಯಪ್‌ಗಳಷ್ಟೇ ಅಧಿಕಾರ, ಜಾಸ್ತಿ ಏನಿಲ್ಲ. ಫೋನ್ ಆನ್ ಆದಾಗ ಓಎಸ್ ಶುರು ಮಾಡುವ ಬೂಟ್‌ಲೋಡರನ್ನು, ಬೇರೆಯವರು ಓಎಸ್ ತಿದ್ದದಂತೆ, ಮತ್ತೆ ಲಾಕ್ ಮಾಡಬಹುದು. ಪಿನ್ ಊಹಿಸುತ್ತಾ ಕೂತವರನ್ನು ಪಿಕ್ಸೆಲ್‌ನೊಳಗಿನ ಭದ್ರತಾ ಚಿಪ್ ಟೈಟಾನ್ ಎಂ2 ಕಾಯಿಸಿ ಸತಾಯಿಸುತ್ತದೆ. ಗೂಗಲ್‌ನಿಂದ ದೂರವಾಗಲು ಗೂಗಲ್‌ನದೇ ಫೋನ್ ಕೊಳ್ಳುವುದು ತಮಾಷೆಯೇ ಅನ್ನಿ!

ತೊಡಕು ಬರುವುದು ಬ್ಯಾಂಕ್ ಆ್ಯಪ್‌ಗಳಲ್ಲಿ. ಕೆಲವು ಗ್ರಫೀನ್‌ಓಎಸ್ ಕಂಡರೆ ತೆರೆಯುವುದೇ ಇಲ್ಲ. ನಿಮ್ಮ ಬ್ಯಾಂಕಿನದು ಓಡುತ್ತದಾ ಅಂತ ಮೊದಲೇ ವಿಚಾರಿಸಿ. ಮಾದರಿ ಪಿಕ್ಸೆಲ್ 8 ಅಥವಾ ಅದಕ್ಕಿಂತ ಹೊಸದಿರಲಿ, ಅವಕ್ಕೆ ಬಿಡುಗಡೆಯಿಂದ 7 ವರ್ಷ ಅಪ್‌ಡೇಟ್ ಇದೆ. ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ಪಿಕ್ಸೆಲ್ 5 ತರಬೇಡಿ.