ಮರಿ ದೊಡ್ಡದಾಗಲಿ, ಆದರೆ ನಿಧಾನವಾಗಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೈತ್ಯ ತಳಿಯ ಮರಿಗಳ ಬಗ್ಗೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್, ನ್ಯೂಫೌಂಡ್‌ಲ್ಯಾಂಡ್. ಇಂಥ ಮೂರು ನಾಯಿಗಳನ್ನು ಮರಿಯಿಂದ ಮುಪ್ಪಿನವರೆಗೆ ಸಾಕಿದವಳು ನಾನು. ಬೇರೆಯವರ ನಾಯಿಗಳಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ಹಾಗಾಗಿ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟು, ಈ ದೊಡ್ಡ ಪಾದದ ಮರಿಗಳಿಗೇ ಇವತ್ತಿನ ಪೂರ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಗ್ರೇಟ್ ಡೇನ್ ಮರಿಗೆ ಈಗ ಮೂರು ತಿಂಗಳು. ಪ್ಯಾಕೆಟ್‌ನಲ್ಲಿ ಬರುವ ಮರಿಗಳ ಆಹಾರ ಹಾಕುತ್ತಿದ್ದೇವೆ. ಚೆನ್ನಾಗಿ ತಿನ್ನುತ್ತದೆ, ಆದರೂ ತೆಳ್ಳಗೇ ಇದೆ. ಮೂಳೆ ಗಟ್ಟಿಯಾಗಲು ಕ್ಯಾಲ್ಸಿಯಂ ಟಾನಿಕ್ ಹಾಕಿ ಎಂದು ನೋಡಿದವರೆಲ್ಲ ಹೇಳುತ್ತಾರೆ. ದಿನಕ್ಕೆ ಎಷ್ಟು ಹಾಕಬೇಕು?

ಉತ್ತರ: ಒಂದು ಹನಿಯೂ ಬೇಡ. ಇವತ್ತೇ ಆ ಯೋಚನೆ ಬಿಟ್ಟುಬಿಡಿ.

ನನ್ನ ಮೊದಲ ನಾಯಿ ಕರಿಯ. ಅವನೂ ಗ್ರೇಟ್ ಡೇನ್. ಇಷ್ಟು ದೊಡ್ಡ ಮೂಳೆ ಬೆಳೆಯಬೇಕಾದರೆ ಕ್ಯಾಲ್ಸಿಯಂ ಜಾಸ್ತಿ ಬೇಕಲ್ವಾ ಎಂದು ನಾನೂ ನಂಬಿದ್ದೆ. ಎರಡು ತಿಂಗಳು ಬೆಳಗ್ಗೆ ಸಂಜೆ ಟಾನಿಕ್ ಹಾಕಿದೆ. ನಾಲ್ಕನೇ ತಿಂಗಳು ಮುಗಿಯುವ ಹೊತ್ತಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮಲಗಿದವನು ಏಳುವಾಗ ಹಿಂಗಾಲು ಮೊದಲು ಊರುತ್ತಿದ್ದ. ಆಮೇಲೆ ಮುಂಗಾಲನ್ನು ನೆಲದಿಂದ ಒಂದು ಬೆರಳು ಮೇಲೆ ಹಿಡಿದು, ಊರಲೋ ಬೇಡವೋ ಎಂಬಂತೆ ನಿಂತು, ನಿಧಾನವಾಗಿ ಭಾರ ಬಿಡುತ್ತಿದ್ದ. ಮುಟ್ಟಿ ನೋಡಿದರೆ ಮುಂಗಾಲಿನ ಗಂಟು ಊದಿಕೊಂಡು ಬಿಸಿಯಾಗಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದೇ "ಕ್ಯಾಲ್ಸಿಯಂ ಏನಾದರೂ ಕೊಡುತ್ತಿದ್ದೀರಾ?" ಎಂದು. ಅವತ್ತೇ ಟಾನಿಕ್ ನಿಲ್ಲಿಸಿದೆ. ಊತ ಇಳಿಯಿತು, ನೋವು ಹೋಯಿತು. ಆದರೆ ಎಡ ಮುಂಗಾಲು ಸ್ವಲ್ಪ ಹೊರಕ್ಕೆ ತಿರುಗಿದ್ದು ಕೊನೆಯವರೆಗೂ ಹಾಗೇ ಉಳಿಯಿತು. ಅವನು ನಡೆಯುವಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಬೆಳೆದ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಎಳೆ ಮರಿಗೆ, ಅದರಲ್ಲೂ ಆರು ತಿಂಗಳ ಒಳಗೆ, ಈ ಹಿಡಿತ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಹೊಟ್ಟೆಗೆ ಜಾಸ್ತಿ ಬಿದ್ದರೆ ಮೈಗೂ ಜಾಸ್ತಿ ಸೇರುತ್ತದೆ. ಆಗ ಮೂಳೆಯ ತುದಿಯ ಮೆತ್ತನೆಯ ಭಾಗ ಗಟ್ಟಿ ಮೂಳೆಯಾಗುವ ಕೆಲಸ ಹದ ತಪ್ಪುತ್ತದೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ.

ನೀವು ಮಾಡಬೇಕಾದ್ದು ಇಷ್ಟೇ. ಪ್ಯಾಕೆಟ್ ತಿರುಗಿಸಿ ಓದಿ. "ದೊಡ್ಡ ತಳಿಯ ಮರಿಗಳ ಬೆಳವಣಿಗೆಗೆ" ಎಂದು ಇರಬೇಕು. ಸುಮ್ನೆ "ಮರಿಗಳಿಗೆ" ಎಂದಿದ್ದರೆ ಸಾಲದು. ಬೆಳೆದಾಗ 70 ಪೌಂಡ್, ಅಂದರೆ ಸುಮಾರು 32 ಕಿಲೋ ದಾಟುವ ತಳಿಗಳ ಮರಿ ಆಹಾರದಲ್ಲಿ, ನೀರಿನಂಶ ಕಳೆದು ಲೆಕ್ಕ ಹಾಕಿದಾಗ, ಕ್ಯಾಲ್ಸಿಯಂ ಶೇಕಡ 1.8 ಮೀರಬಾರದು ಎಂದು ಅಮೆರಿಕದ ಮಾನದಂಡ ಹೇಳುತ್ತದೆ. ಉಳಿದ ಮರಿಗಳಿಗೆ ಶೇಕಡ 2.5ರವರೆಗೆ ನಡೆಯುತ್ತದೆ. ಇದರ ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಬರೀ ಮಾಂಸ ಹಾಕಿ ಬೆಳೆಸುತ್ತಾರೆ. ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಆ ಮರಿಯ ಮೂಳೆ ತೆಳುವಾಗಿ, ಸಣ್ಣ ಪೆಟ್ಟಿಗೇ ಮುರಿಯುತ್ತದೆ. ಮನೆಯಲ್ಲೇ ಅಡುಗೆ ಮಾಡಿ ಹಾಕುವ ಆಸೆ ಇದ್ದರೆ, ಪ್ರಾಣಿಗಳ ಆಹಾರ ಬಲ್ಲ ಡಾಕ್ಟರ ಹತ್ತಿರ ಅಳತೆ ಬರೆಸಿಕೊಳ್ಳಿ.

ಇನ್ನು ತೆಳ್ಳಗಿದೆ ಅನ್ನುವ ಚಿಂತೆ. ನಿಮ್ಮ ಒಂದು ಕೈಯನ್ನು ಚಾಚಿ, ಅದರ ಹಿಂಬದಿಯನ್ನು ಇನ್ನೊಂದು ಕೈಯಿಂದ ಸವರಿ. ತೆಳು ಚರ್ಮದ ಕೆಳಗೆ ಮೂಳೆ ಸಿಗುತ್ತದೆ. ಮರಿಯ ಪಕ್ಕೆಲುಬು ಹೀಗೇ ಸಿಕ್ಕರೆ ಸರಿಯಾಗಿದೆ. ಮುಷ್ಟಿ ಕಟ್ಟಿದಾಗಿನ ಬೆರಳ ಗಂಟಿನ ಹಾಗೆ ಚುಚ್ಚಿದರೆ ಬಡಕಲು. ಅಂಗೈಯ ಹಾಗೆ ಮೆತ್ತಗಿದ್ದರೆ ಕೊಬ್ಬು. ಹುಟ್ಟುವಾಗ ಅರ್ಧ ಕಿಲೋ ಆಸುಪಾಸು ಇರುವ ಜೀವ ಒಂದೂವರೆ ಎರಡು ವರ್ಷದಲ್ಲಿ ಸುಮಾರು ನೂರು ಪಟ್ಟು ಬೆಳೆಯುತ್ತದೆ. ಆ ಓಟಕ್ಕೆ ನಾವು ಇನ್ನಷ್ಟು ತಳ್ಳುವುದು ಬೇಡ. ಹಿತಮಿತವಾಗಿ ಹಾಕಿದರೆ ಮರಿ ಗಿಡ್ಡವಾಗಿ ಉಳಿಯುವುದಿಲ್ಲ. ಎತ್ತರ ಅಪ್ಪ ಅಮ್ಮನಿಂದ ಬಂದಿದೆ, ಅಲ್ಲಿಗೆ ಸ್ವಲ್ಪ ತಡವಾಗಿ ಮುಟ್ಟುತ್ತದೆ ಅಷ್ಟೇ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಕೊನೆಯವರೆಗೆ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಾಲು ಭಾಗ ಕಡಿಮೆ ತಿಂದ ಗುಂಪು ಸುಮಾರು ಎರಡು ವರ್ಷ ಜಾಸ್ತಿ ಬದುಕಿತು. ಸೊಂಟದ ಕೀಲಿನ ತೊಂದರೆಯೂ ಅವುಗಳಲ್ಲಿ ಕಡಿಮೆ. ದೈತ್ಯ ತಳಿಗಳ ಆಯಸ್ಸೇ ಹೆಚ್ಚಾಗಿ ಏಳರಿಂದ ಹತ್ತು ವರ್ಷ. ಅದರಲ್ಲಿ ಒಂದು ವರ್ಷ ಉಳಿದರೂ ನಮಗೆ ದೊಡ್ಡದು.

ಪ್ರಶ್ನೆ: ನಮ್ಮ ಸೇಂಟ್ ಬರ್ನಾರ್ಡ್‌ಗೆ ಐದು ತಿಂಗಳು. ನಾನು ದಿನಾ ಬೆಳಗ್ಗೆ ಐದು ಕಿಲೋಮೀಟರ್ ಓಡುತ್ತೇನೆ. ಅದನ್ನೂ ಜೊತೆಗೆ ಕರೆದುಕೊಂಡು ಹೋಗಬಹುದಾ? ಮೊನ್ನೆಯಿಂದ ಒಂದು ಕಾಲು ಸ್ವಲ್ಪ ಕುಂಟುತ್ತಿದೆ.

ಉತ್ತರ: ಕುಂಟು ಎಂದಿದ್ದೀರಿ, ಅದರಿಂದಲೇ ಶುರು ಮಾಡುತ್ತೇನೆ. ಮೊದಲು ಡಾಕ್ಟರಿಗೆ ತೋರಿಸಿ. ಐದು ತಿಂಗಳಿಂದ ಒಂದೂವರೆ ವರ್ಷದ ಒಳಗೆ ದೊಡ್ಡ ಮರಿಗಳಿಗೆ ಮೂಳೆಯ ಒಳಗೆ ಒಂದು ಬಗೆಯ ನೋವು ಬರುತ್ತದೆ. ಇವತ್ತು ಈ ಕಾಲು, ಇನ್ನೆರಡು ವಾರಕ್ಕೆ ಇನ್ನೊಂದು ಕಾಲು. ಅದು ತಾನಾಗಿ ವಾಸಿಯಾಗುವಂಥದ್ದು. ಆದರೆ ಕೀಲಿನ ತೊಂದರೆಯೂ ಹೀಗೇ ಶುರುವಾಗುತ್ತದೆ. ಯಾವುದು ಎಂದು ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಕುಂಟಿನ ಜೊತೆಗೆ ಜ್ವರ ಬಂದರೆ, ಊಟ ಬಿಟ್ಟರೆ, ಅವತ್ತೇ ಕರೆದುಕೊಂಡು ಹೋಗಿ. ಮನುಷ್ಯರ ನೋವಿನ ಮಾತ್ರೆ ಮಾತ್ರ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ.

ಓಟ ಈಗ ಬೇಡ. ಉದ್ದ ಮೂಳೆಗಳ ತುದಿಯಲ್ಲಿ ಬೆಳೆಯುವ ಜಾಗ ಇರುತ್ತದೆ, ಡಾಕ್ಟರುಗಳು ಗ್ರೋತ್ ಪ್ಲೇಟ್ ಎನ್ನುತ್ತಾರೆ. ದೈತ್ಯ ತಳಿಗಳಲ್ಲಿ ಅದು ಪೂರ್ತಿ ಗಟ್ಟಿಯಾಗಲು ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷವೂ ಬೇಕು. ಗಟ್ಟಿ ರಸ್ತೆಯ ಮೇಲೆ ಒಂದೇ ವೇಗದಲ್ಲಿ, ನಿಲ್ಲುವ ಸ್ವಾತಂತ್ರ್ಯ ಇಲ್ಲದೆ ಓಡುವುದು ಆ ಜಾಗಕ್ಕೆ ಪೆಟ್ಟು. ನೀವು ಓಡಿದರೆ ನಿಮ್ಮ ಮೇಲಿನ ಪ್ರೀತಿಗೆ ಅದು ನೋವು ನುಂಗಿಕೊಂಡು ಓಡುತ್ತದೆ. ಅದೇ ನನಗೆ ಭಯ.

ಹಾಗಂತ ಕಟ್ಟಿ ಹಾಕಿ ಕೂರಿಸಬೇಡಿ. ನಾರ್ವೆಯಲ್ಲಿ ನ್ಯೂಫೌಂಡ್‌ಲ್ಯಾಂಡ್, ಲಿಯೋನ್‌ಬರ್ಗರ್, ಐರಿಷ್ ವುಲ್ಫ್‌ಹೌಂಡ್, ಲ್ಯಾಬ್ರಡಾರ್ ಮರಿಗಳನ್ನು ಗಮನಿಸಿದಾಗ, ಮೂರು ತಿಂಗಳ ಒಳಗೆ ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ ಕಂಡಿತು. ಮೆತ್ತನೆಯ, ಏರುತಗ್ಗಿನ ನೆಲದಲ್ಲಿ ಬಿಡುಬೀಸಾಗಿ ಆಡಿದ ಮರಿಗಳಿಗೆ ಕಡಿಮೆ. ಹುಲ್ಲಿನ ಮೇಲೆ ಬಿಡಿ. ಅದರ ಇಷ್ಟದಂತೆ ಮೂಸಲಿ, ಓಡಲಿ, ಸುಸ್ತಾದರೆ ಮಲಗಲಿ. ಮನೆಯ ನೆಲ ನುಣುಪಾಗಿದ್ದರೆ ಅದು ಓಡಾಡುವ ದಾರಿಗೆ ರಬ್ಬರ್ ಮ್ಯಾಟ್ ಹಾಸಿ. ಒದ್ದೆ ನೆಲದಲ್ಲಿ ತಿರುಗಲು ಹೋಗಿ ಕರಿಯನ ಹಿಂಗಾಲೆರಡೂ ಕಪ್ಪೆಯ ಹಾಗೆ ಅಗಲಕ್ಕೆ ಚಾಚಿದ್ದನ್ನು ನೋಡಿದ ದಿನವೇ ನಾನು ಮನೆಯಿಡೀ ಹಾಸಿದೆ.

ಪ್ರಶ್ನೆ: ನಾಲ್ಕು ತಿಂಗಳ ಮ್ಯಾಸ್ಟಿಫ್, ಈಗಲೇ 25 ಕಿಲೋ. ಬಂದವರ ಮೇಲೆಲ್ಲ ಹಾರುತ್ತದೆ. ಮೊನ್ನೆ ನಮ್ಮ ಅಜ್ಜಿ ಬೀಳುವುದರಲ್ಲಿದ್ದರು. ಬೆಲ್ಟ್ ಹಾಕಿದರೆ ನನ್ನನ್ನೇ ಎಳೆದುಕೊಂಡು ಹೋಗುತ್ತದೆ. ದೊಡ್ಡದಾದ ಮೇಲೆ ಬುದ್ಧಿ ಬರುತ್ತದೆ ಎಂದು ಅಪ್ಪ ಹೇಳುತ್ತಾರೆ. ನಿಜವೇ?

ಉತ್ತರ: ಇಲ್ಲಮ್ಮ. ದೊಡ್ಡದಾದ ಮೇಲೆ ಬರುವುದು ತೂಕ. ಬುದ್ಧಿಯನ್ನು ಈಗ ನೀವು ಕಲಿಸಬೇಕು.

ಮರಿ ಯಾಕೆ ಹಾರುತ್ತದೆ ನೋಡಿ. ಎಂಟು ವಾರದ ಉಂಡೆಯಂಥ ಮರಿ ಮೊಣಕಾಲಿಗೆ ಕಾಲಿಟ್ಟಾಗ ಎಲ್ಲರೂ ಬಗ್ಗಿ ಎತ್ತಿ ಮುದ್ದು ಮಾಡಿದ್ದೀರಿ. ಹಾರಿದರೆ ಪ್ರೀತಿ ಸಿಗುತ್ತದೆ ಎಂದು ಅದು ಕಲಿತಿದೆ. ಈಗ ಬೈದರೆ ಅದಕ್ಕೆ ಅರ್ಥವಾಗುವುದಿಲ್ಲ. ಎದೆಗೆ ಮೊಣಕಾಲು ಕೊಟ್ಟು ತಳ್ಳಿ ಎನ್ನುವವರ ಮಾತು ಕೇಳಬೇಡಿ, ಅದರಿಂದ ಪೆಟ್ಟಾಗುತ್ತದೆ. ಕಾನೂನು ಒಂದೇ. ನಾಲ್ಕು ಕಾಲೂ ನೆಲದ ಮೇಲಿದ್ದರೆ ಮಾತು, ಕೈ, ತಿಂಡಿ ಎಲ್ಲ ಉಂಟು. ಮುಂಗಾಲು ಎದ್ದರೆ ನೀವು ಮುಖ ತಿರುಗಿಸಿ ನಿಂತುಬಿಡಬೇಕು. ಇಳಿದ ಕೂಡಲೇ ಬಗ್ಗಿ ಸವರಬೇಕು. ತಿಂಡಿಯ ಚೂರನ್ನು ಎತ್ತರದಿಂದ ಕೊಡಬೇಡಿ, ಅದರ ಮೂತಿಗಿಂತ ಕೆಳಗೆ ಹಿಡಿದು ಕೊಡಿ. ತಲೆ ತಗ್ಗಿದರೆ ಮೈ ತಾನಾಗಿ ತಗ್ಗುತ್ತದೆ. ಅಜ್ಜಿ ಬರುವ ಹೊತ್ತಿಗೆ ಮರಿಗೆ ಬೆಲ್ಟ್ ಹಾಕಿ ಬೇರೆ ಯಾರಾದರೂ ಹಿಡಿದಿರಲಿ. ಮನೆಯಲ್ಲಿ ಒಬ್ಬರು ಮಾತ್ರ "ಇರಲಿ ಬಿಡು" ಎಂದು ಹಾರಿಸಿಕೊಂಡರೂ ಕಲಿಸಿದ್ದೆಲ್ಲ ನೀರಲ್ಲಿ ಹೋಮ. ಅಪ್ಪನಿಗೂ ಹೇಳಿ.

ಎಳೆಯುವುದಕ್ಕೂ ಹೀಗೇ. ಬೆಲ್ಟ್ ಬಿಗಿಯಾದರೆ ನಿಲ್ಲಿ. ಸಡಿಲವಾದರೆ ನಡೆಯಿರಿ. ಮೊದಲ ವಾರ ಗೇಟು ದಾಟಲು ಹತ್ತು ನಿಮಿಷ ಹಿಡಿಯಬಹುದು, ಹಿಡಿಯಲಿ. ಕತ್ತಿನ ಬೆಲ್ಟ್ ಬದಲು ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಹಾಕಿ. ಮುಳ್ಳಿನ ಚೈನು ಬೇಡ.

ಇನ್ನೊಂದು ಕೆಲಸ ಇವತ್ತೇ ಶುರು ಮಾಡಿ, ಇದನ್ನು ಯಾರೂ ಕೇಳುವುದೇ ಇಲ್ಲ. ದಿನಾ ಎರಡು ನಿಮಿಷ ಮರಿಯ ಒಂದೊಂದು ಪಾದ ಎತ್ತಿ, ಬೆರಳ ಸಂದಿ ಬಿಡಿಸಿ, ಉಗುರು ಮುಟ್ಟಿ ಬಿಡಿ. ತುಟಿ ಎತ್ತಿ ಹಲ್ಲು ನೋಡಿ. ಕಿವಿಯೊಳಗೆ ಇಣುಕಿ. ಪ್ರತಿ ಸಲವೂ ಒಂದು ಚೂರು ತಿಂಡಿ. ಮೈ ಬಿಗಿ ಹಿಡಿದರೆ, ಮುಖ ತಿರುಗಿಸಿದರೆ ಅಲ್ಲಿಗೇ ನಿಲ್ಲಿಸಿ. ಎಪ್ಪತ್ತು ಕಿಲೋ ನಾಯಿಯನ್ನು ಹಿಡಿದು ಚುಚ್ಚುಮದ್ದು ಕೊಡಿಸುವ ಬಲ ಯಾರಿಗೂ ಇಲ್ಲ. ಅದು ಒಪ್ಪಿ ನಿಂತರೆ ಮಾತ್ರ ಸಾಧ್ಯ. ನನ್ನ ಎರಡನೇ ನಾಯಿ ಮಲ್ಲಿ, ಸೇಂಟ್ ಬರ್ನಾರ್ಡ್. ನನ್ನ ಅಂಗೈ ಚಾಚಿದರೆ ಅದರ ಮೇಲೆ ಗದ್ದ ಊರಿ ಅಲುಗಾಡದೆ ನಿಲ್ಲುವುದನ್ನು ಅವಳಿಗೆ ಮೂರನೇ ತಿಂಗಳಲ್ಲೇ ಕಲಿಸಿದ್ದೆ. ಆಮೇಲೆ ಅವಳ ರಕ್ತ ತೆಗೆಯುವಾಗ ನನ್ನ ಕೈ ಜೊಲ್ಲಿನಿಂದ ಒದ್ದೆಯಾಗುತ್ತಿತ್ತು. ಅವಳು ಒಮ್ಮೆಯೂ ಕಾಲು ಎಳೆದುಕೊಳ್ಳಲಿಲ್ಲ.

ಪ್ರಶ್ನೆ: ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಎನ್ನುತ್ತದೆ. ಯಾರು ಯಜಮಾನ ಎಂದು ಗೊತ್ತಾಗಲು ಬಟ್ಟಲು ಕಿತ್ತುಕೊಳ್ಳಿ ಎನ್ನುತ್ತಾರೆ. ಸರಿಯಾ?

ಉತ್ತರ: ಸರಿಯಲ್ಲ. ಕಿತ್ತುಕೊಂಡರೆ ಅದರ ಅನುಮಾನ ನಿಜವಾಗುತ್ತದೆ. ನಾಳೆಯಿಂದ ದೂರದಿಂದಲೇ ಬಟ್ಟಲಿಗೆ ಇನ್ನೂ ರುಚಿಯಾದ ಒಂದು ಚೂರು ಎಸೆದು ಹೊರಟುಹೋಗಿ. ದಿನ ಕಳೆದ ಹಾಗೆ, ಮೈ ಸಡಿಲವಾಗಿದ್ದರೆ ಮಾತ್ರ, ಒಂದು ಹೆಜ್ಜೆ ಹತ್ತಿರ. ನೀವು ಬರುವುದು ಕೊಡಲು ಎಂದು ಅದಕ್ಕೆ ಗೊತ್ತಾಗಬೇಕು. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಗುರ್ ಎನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಅಲ್ಲಿಯವರೆಗೆ ಅದರ ಊಟದ ಹೊತ್ತಿನಲ್ಲಿ ಮಕ್ಕಳನ್ನು ಬೇರೆ ಕೋಣೆಯಲ್ಲಿಡಿ.

ಪ್ರಶ್ನೆ: ಎತ್ತರದ ನಾಯಿಗೆ ಊಟದ ಬಟ್ಟಲನ್ನು ಸ್ಟ್ಯಾಂಡ್ ಮೇಲೆ ಇಟ್ಟರೆ ಹೊಟ್ಟೆ ಉಬ್ಬರ ಬರುವುದಿಲ್ಲವಂತೆ, ಹೌದಾ?

ಉತ್ತರ: ನಾನೂ ಹಾಗೇ ಅಂದುಕೊಂಡಿದ್ದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ದೊಡ್ಡ ಮತ್ತು ದೈತ್ಯ ತಳಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎತ್ತರದ ಬಟ್ಟಲಿನಲ್ಲಿ ತಿನ್ನುವ ನಾಯಿಗಳಿಗೇ ಅಪಾಯ ಜಾಸ್ತಿ ಕಂಡಿತು. ಡಾಕ್ಟರು ಬೇರೆ ಕಾರಣಕ್ಕೆ ಹೇಳದಿದ್ದರೆ ನೆಲದ ಮೇಲೇ ಇಡಿ. ಒಂದೇ ಸಲ ಸುರಿಯದೆ ದಿನಕ್ಕೆ ಎರಡು ಮೂರು ಸಲ ಹಂಚಿ ಹಾಕಿ. ಗಬಗಬ ತಿನ್ನಲು ಬಿಡಬೇಡಿ.

ಇದು ಸಾಮಾನ್ಯ ಗ್ಯಾಸ್ ಅಲ್ಲ. ಹೊಟ್ಟೆ ಗಾಳಿ ತುಂಬಿ ತಿರುಚಿಕೊಂಡು, ರಕ್ತ ಓಡಾಟವೇ ನಿಲ್ಲುತ್ತದೆ. ಎದೆ ಆಳವಾಗಿರುವ ನಾಯಿಗಳಿಗೆ, ಎಲ್ಲಕ್ಕಿಂತ ಗ್ರೇಟ್ ಡೇನ್‌ಗೆ, ಇದರ ಕಾಟ. ಮಲ್ಲಿಗೆ ಆರು ವರ್ಷವಾಗಿದ್ದಾಗ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಓಕರಿಸಲು ಶುರು ಮಾಡಿದಳು. ಏನೂ ಬರಲಿಲ್ಲ, ಬರೀ ನೊರೆ. ಕೂರುತ್ತಾಳೆ, ಏಳುತ್ತಾಳೆ, ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಾಳೆ. ಪಕ್ಕೆಯ ಹಿಂದೆ ಬೆರಳಿಂದ ತಟ್ಟಿದರೆ ಡೋಲಿನ ಸದ್ದು. ಬೆಳಗಾಗಲಿ ನೋಡೋಣ ಎಂದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಆ ರಾತ್ರಿಯೇ ಆಪರೇಷನ್ ಮಾಡಿ, ತಿರುಚಿದ್ದನ್ನು ಬಿಡಿಸಿ, ಹೊಟ್ಟೆಯ ಚೀಲವನ್ನು ಪಕ್ಕದ ಗೋಡೆಗೆ ಸೇರಿಸಿ ಹೊಲಿದರು. ಇನ್ನೂ ಮೂರು ವರ್ಷ ನನ್ನ ಜೊತೆಗಿದ್ದಳು.

ಆ ಹೊಲಿಗೆಯನ್ನು ಮುಂಚೆಯೇ ಹಾಕಿಸಬಹುದು. ಸಂತಾನಹರಣದ ಆಪರೇಷನ್ ಜೊತೆಗೇ ಮಾಡುತ್ತಾರೆ. ಈ ತಳಿಗಳಿಗೆ ಅದನ್ನು ಬೆಳವಣಿಗೆ ಮುಗಿಯುವವರೆಗೆ ಮುಂದೂಡುವುದು ಕೀಲುಗಳಿಗೆ ಒಳ್ಳೆಯದು, ಹಾಗಾಗಿ ನಿಮಗೆ ಯೋಚಿಸಲು ಸಮಯ ಇದೆ. ಮುಂದಿನ ಲಸಿಕೆಗೆ ಹೋದಾಗ ಡಾಕ್ಟರ ಹತ್ತಿರ ಕೇಳಿ. ಹಾಗೇ ರಾತ್ರಿ ಹೊತ್ತು ಆಪರೇಷನ್ ಮಾಡುವ ಪಶು ಆಸ್ಪತ್ರೆ ಯಾವುದು ಎಂದೂ ಕೇಳಿ, ಅದರ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. ನಮ್ಮ ಮನೆಯಲ್ಲಿ ಆ ಚೀಟಿ ಇನ್ನೂ ಇದೆ.